ಟಾಲಿಗಂಜಿನ ಹುಲಿಗಳು

ಕಲ್ಕತ್ತೆಯಲ್ಲಿ ಕಾಳೀಘಾಟನ್ನು ದಾಟಿ ದಕ್ಷಿಣಕ್ಕೆ ಬಂದರೆ ಟಾಲಿಗಂಜ್ ಸಿಕ್ಕುತ್ತದೆ. ನಮ್ಮ ಸಂಘದ ಕೆಲವು ಕುಟುಂಬಗಳು ಇಲ್ಲಿಯೂ, ಇಲ್ಲಿಗೆ ಸಮೀಪವಾದ ಲೇಕ್ ಮಾರ್ಕೆಟ್ಟಿನ ಸುತ್ತಿನಲ್ಲಿಯೂ ನೆಲೆಸಿವೆ. ಕಾಫಿಪುಡಿ, ಹುಣಿಸೆಹಣ್ಣು, ಬಾಳೆಎಲೆ, ಕರಿಬೇವು ದೊರೆಯುವ ಪೇಟೆ ಹತ್ತಿರವಿದ್ದ ಮೇಲೆ ದಕ್ಷಿಣದವರಿಗೆ ಬೇರೇನು ಬೇಕು? ಊರಿನಿಂದ ಬಂದ ನೆಂಟರಿಷ್ಟರು ಮೊದಲು ಕಾಳಿಯ ಗುಡಿಯನ್ನು ನೋಡಬೇಕೆನ್ನುತ್ತಾರೆ. ಆಮೇಲೆ ವಿಕ್ಟೋರಿಯಾ ಸ್ಮಾರಕ, ಹೌರಾ ಸೇತುವೆ. "ನಿಮ್ಮ ಟಾಲಿಗಂಜಿನಲ್ಲಿ ನೋಡುವಂಥಾದ್ದು ಏನಿದೆ?" ಎಂದು ಕೇಳಿದವರಿಗೆ ನಾವು "ಹುಲಿ" ಎಂದು ಉತ್ತರ ಕೊಡುವುದುಂಟು. ಅವರು ನಗುತ್ತಾರೆ. ಆದರೆ ಈ ಮಾತಿನಲ್ಲಿ ತಮಾಷೆ ಎಷ್ಟಿದೆಯೋ ನಿಜವೂ ಅಷ್ಟೇ ಇದೆ. ಹುಲಿ ಇರಲಾರದ ಈ ಊರಿನಲ್ಲಿ ಹುಲಿಯ ಸುದ್ದಿ ಎಂದೂ ಸತ್ತಿಲ್ಲ. ಅದು ಏಕೆ ಎಂಬುದನ್ನು ವಾಚಕರೊಡನೆ ಸ್ವಲ್ಪ ವಿಚಾರಿಸೋಣ.

ಮೊದಲು ಊರಿನ ಹೆಸರು. ಇದಕ್ಕೆ ಹಿಂದೆ ರಸಾಪಾಗ್ಲಾ ಎಂಬ ಹೆಸರಿತ್ತು. ಗಂಗೆಯ ಹಳೆಯ ಪಾತ್ರವೊಂದು ಕಾಳೀಘಾಟಿನ ಪಕ್ಕದಲ್ಲಿ ಹರಿದು ಹೂಳು ತುಂಬಿ ಸೊರಗಿಹೋಗಿತ್ತು. ಬಂಗಾಳಿಗಳು ಅದನ್ನು ಆದಿಗಂಗೆ ಎಂದು ಪೂಜಿಸುವರು. ಮೇಜರ್ ವಿಲಿಯಂ ಟಾಲಿ ಎಂಬಾತನು 1775ರಿಂದ 1777ರವರೆಗೆ ಅದನ್ನು ಅಗೆಸಿ, ಗಡಿಯಾದ ಕಡೆಯಿಂದ ಮುಂದಕ್ಕೆ ತೋಡಿಸಿ, ಪೂರ್ವದ ವಿದ್ಯಾಧರಿ ನದಿಗೆ ಕೂಡಿಸಿದನು. ಹದಿನೇಳು ಮೈಲಿಯ ಈ ಕಾಲುವೆಯಲ್ಲಿ ಓಡಾಡುವ ದೋಣಿಗಳಿಂದ ಸುಂಕ ಎತ್ತುವ ಹಕ್ಕೂ, ದಂಡೆಯ ಮೇಲೆ ಒಂದು ಪೇಟೆಯನ್ನು ಕಟ್ಟುವ ಹಕ್ಕೂ ಅವನಿಗೆ ದೊರೆತವು. ಗಂಜ್ ಎಂದರೆ ಪೇಟೆ. ಟಾಲಿಯ ಪೇಟೆ ಟಾಲಿಗಂಜ್ ಆಯಿತು. ಈಗ ಆ ಕಾಲುವೆಯನ್ನು ನೋಡಿದವರು ಮೂಗು ಮುಚ್ಚಿಕೊಳ್ಳಬೇಕಾಗಿದೆ. ಮೆಟ್ರೋ ರೈಲಿನ ಕಂಬಗಳು ಅದರ ಒಡಲಿನಲ್ಲಿಯೇ ಸಾಲಾಗಿ ನಿಂತಿವೆ. ಆದರೆ ಒಂದು ಕಾಲದಲ್ಲಿ ಸುಂದರಬನದ ಸೌದೆ, ಜೇನು, ಮೀನು, ಪೂರ್ವ ಬಂಗಾಳದ ಅಕ್ಕಿ ಎಲ್ಲವೂ ಕಲ್ಕತ್ತೆಗೆ ಬರುತ್ತಿದ್ದುದು ಇಂಥ ಜಲಮಾರ್ಗಗಳಲ್ಲಿಯೇ.

ಸುಂದರಬನದ ಸೌದೆಯ ಜೊತೆಗೆ ಸುಂದರಬನದ ಮಾತೂ ಬರುತ್ತಿತ್ತು. ಅಲ್ಲಿ ಹುಲಿಯನ್ನು ಹೆಸರು ಹಿಡಿದು ಕರೆಯಲು ಜನ ಅಂಜುವರು. ಕಾಡಿಗೆ ಹೊರಟವರು ಹಿಂದೂಗಳಾಗಲಿ ಮುಸಲ್ಮಾನರಾಗಲಿ ಬನಬೀಬಿಯನ್ನು ನೆನೆಯುವರು. ಹುಲಿಯ ರೂಪದಲ್ಲಿ ಬರುವ ದಕ್ಷಿಣರಾಯನಿಗೆ ಕೈಮುಗಿಯುವರು. ನಮ್ಮ ಕಡೆಯ ಹಳ್ಳಿಗಳಲ್ಲಿ ಹುಲಿಯನ್ನು ಹುಲಿರಾಯ ಎನ್ನುವುದಿಲ್ಲವೆ? ಮಲೆಯ ಮಾದೇಶ್ವರನಿಗೆ ಹುಲಿಯೇ ವಾಹನವಲ್ಲವೆ? ಸಾವಿರ ಮೈಲಿಯ ಅಂತರದ ಎರಡು ನಾಡುಗಳವರು ಒಂದೇ ಮೃಗಕ್ಕೆ ಒಂದೇ ಬಿರುದನ್ನು ಕೊಟ್ಟಿರುವುದು ಸೋಜಿಗ. ಕಲ್ಕತ್ತೆಯೇ ಹಿಂದೆ ಕಾಡೂ ಜೌಗೂ ಆಗಿದ್ದ ನೆಲ. ಈಗ ಸೇಂಟ್ ಪಾಲ್ ಇಗರ್ಜಿ ನಿಂತಿರುವ ಕಡೆಯಲ್ಲಿ ವಾರನ್ ಹೇಸ್ಟಿಂಗ್ಸ್ ಸಾಹೇಬನು ಹುಲಿಯ ಬೇಟೆಯಾಡಿದನೆಂದು ಹಳೆಯ ಜನ ಹೇಳಿಕೊಂಡು ಬಂದಿದ್ದಾರೆ. ಅದು ನಡೆದದ್ದೋ ಕಟ್ಟಿದ್ದೋ ಇರಲಿ. ಕೇಳಿದವರು ನಂಬಬಹುದಾದಂಥ ನೆಲವಾಗಿತ್ತು ಇದು.

ಟಾಲಿಗಂಜಿನ ಎರಡನೆಯ ಹುಲಿ ನಮ್ಮದೇ. ಕನ್ನಡಿಗರಾದವರು ಈ ಭಾಗವನ್ನು ಗಮನವಿಟ್ಟು ಓದಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನು ಕಾದಾಡುತ್ತ ಮಡಿದನು. ಸಿಂಹಾಸನದ ಮೇಲೂ, ಫಿರಂಗಿಯ ಬಾಯಿಯ ಮೇಲೂ, ಸಿಪಾಯಿಯ ಅಂಗಿಯ ಮೇಲೂ ಹುಲಿಯನ್ನೋ ಹುಲಿಯ ಪಟ್ಟೆಯನ್ನೋ ಮೂಡಿಸಿದ್ದ ದೊರೆ ಆತ. ಅರಮನೆಯಲ್ಲಿ ಸಾಕಿದ್ದ ಜೀವಂತ ಹುಲಿಗಳಿಗೆ ಆಹಾರ ಹಾಕುವವರಿಲ್ಲದೆ ಅವು ರೊಚ್ಚಿಗೆದ್ದುದರಿಂದ, ಕಂಪನಿಯ ಸೇನೆಯವರು ಅವನ್ನು ಗುಂಡಿಕ್ಕಿ ಕೊಂದರು. ಬಿಳಿಯ ಸಿಪಾಯಿಯೊಬ್ಬನ ಮೇಲೆ ಎರಗಿ ನಿಂತ ಮರದ ಹುಲಿಯ ಯಂತ್ರವು ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಇಂದಿಗೂ ಅಲ್ಲಿಯ ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆಯೆದ್ದಾಗ, ಈ ಹುಲಿಯ ಮರಿಗಳು ಮೈಸೂರಿಗೆ ಅಷ್ಟು ಹತ್ತಿರವಿರುವುದು ಕ್ಷೇಮವಲ್ಲವೆಂದು ಕಂಪನಿಗೆ ತೋರಿತು. ಹೆಂಗಸರು, ಮಕ್ಕಳು, ಆಳುಕಾಳುಗಳ ಸಮೇತ ಮನೆತನವನ್ನೆಲ್ಲ ಕಲ್ಕತ್ತೆಗೆ ಸಾಗಿಸಿದರು. ಅವರಿಗೆ ಇರಲು ಕೊಟ್ಟ ಸ್ಥಳವೇ ರಸಾಪಾಗ್ಲಾ, ಎಂದರೆ ನಮ್ಮ ಟಾಲಿಗಂಜ್.

ಅವರಲ್ಲಿ ಗುಲಾಮ್ ಮಹಮ್ಮದನು ಬಹುಕಾಲ ಬಾಳಿ 1872ರಲ್ಲಿ ತೀರಿಕೊಂಡನು. ಧರ್ಮತಲಾದಲ್ಲಿ 1842ರಲ್ಲಿ ಆತ ಕಟ್ಟಿಸಿದ ಮಸೀದಿಯನ್ನು ಕಲ್ಕತ್ತೆಗೆ ಬಂದವರೆಲ್ಲರೂ ಕಂಡಿರುತ್ತಾರೆ. ಟಾಲಿಗಂಜಿನಲ್ಲಿಯೂ ಆತನ ಮಸೀದಿಯುಂಟು. ನಾವು ದಿನಾ ಓಡಾಡುವ ಪ್ರಿನ್ಸ್ ಅನ್ವರ್ ಷಾ ರಸ್ತೆಯ ಹೆಸರು ಆ ವಂಶದವನೊಬ್ಬನದೇ. 1895ರಲ್ಲಿ ಹುಟ್ಟಿದ ಟಾಲಿಗಂಜ್ ಕ್ಲಬ್ಬು ಇರುವ ವಿಸ್ತಾರವಾದ ತೋಟವೂ ಒಂದು ಕಾಲದಲ್ಲಿ ಈ ಮನೆತನದ ಕೈಯಲ್ಲಿತ್ತು. ಉದ್ಯೋಗಕ್ಕಾಗಿ ಬಂದ ನಾವು ಮನಸ್ಸು ಬಂದಾಗ ಹೌರಾದಲ್ಲಿ ರೈಲು ಹತ್ತಿ ಊರಿಗೆ ಹೋಗಿ ಬರುತ್ತೇವೆ. ಕಾವೇರಿಯ ದಂಡೆಯನ್ನು ಬಿಟ್ಟು ಈ ಆದಿಗಂಗೆಯ ದಂಡೆಗೆ ಬಂದ ಆ ಮೊದಲ ಸಂಸಾರಗಳಿಗೆ ಹಿಂದಿರುಗುವ ದಾರಿ ಇರಲಿಲ್ಲ. ಮೈಸೂರಿನ ಹುಲಿ ತನ್ನದಲ್ಲದ ಕಾಡಿನಲ್ಲಿ ಬೀಡುಬಿಟ್ಟ ಕಥೆ ಇದು.

ಇನ್ನು ನಿಜವಾಗಿ ನಾಲ್ಕು ಕಾಲುಳ್ಳ ಹುಲಿಗಳ ಮಾತಿಗೆ ಬರೋಣ. ಕಾಡಿಲ್ಲದ ಊರಿನಲ್ಲಿ ಹುಲಿ ಕಾಣಿಸಿಕೊಳ್ಳಬೇಕಾದರೆ ಯಾರಾದರೂ ತಂದು ಸಾಕಿರಬೇಕು. ಅದಕ್ಕೂ ಇಲ್ಲಿ ಕೊರತೆಯಿರಲಿಲ್ಲ. ಅವಧದ ನವಾಬ ವಾಜಿದ್ ಅಲೀ ಷಾ ರಾಜ್ಯವನ್ನು ಕಳೆದುಕೊಂಡು 1856ರಲ್ಲಿ ಕಲ್ಕತ್ತೆಯ ಮೆಟಿಯಾಬ್ರುಜಿಗೆ ಬಂದನು. 1887ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದು ಒಂದು ದೊಡ್ಡ ಮೃಗಾಲಯವನ್ನೇ ಬೆಳೆಸಿದನು. ಅಲ್ಲಿಂದ ತಪ್ಪಿಸಿಕೊಂಡ ಹುಲಿಯೊಂದು ಹೂಗ್ಲಿ ನದಿಯನ್ನು ಈಜಿ, ಎದುರು ದಡದ ಸಸ್ಯೋದ್ಯಾನಕ್ಕೆ ಹೋಗಿ ಸೇರಿತು! ಮರಗಿಡಗಳನ್ನು ನೋಡಲು ಹೋದವರಿಗೆ ಹುಲಿ ಎದುರಾದರೆ ಹೇಗಿದ್ದೀತು? ಅಲೀಪುರದ ಮೃಗಾಲಯ 1876ರಲ್ಲಿ ತೆರೆಯಿತು. ಅದು ನಮಗೆ ನೆರೆಮನೆಯಿದ್ದ ಹಾಗೆ. ಟಾಲಿಗಂಜಿನ ಸಿನಿಮಾ ಸ್ಟುಡಿಯೋಗಳಂತೂ ಲೋಕಪ್ರಸಿದ್ಧ. ಸತ್ಯಜಿತ್ ರಾಯ್ ಅವರು 1969ರಲ್ಲಿ ತೆರೆಗೆ ತಂದ 'ಗೂಪಿ ಗಾಯೇನ್ ಬಾಘಾ ಬಾಯೇನ್' ಚಿತ್ರದ ಬಿದಿರುಮೆಳೆಯಲ್ಲಿ ಗಂಭೀರವಾಗಿ ನಡೆದುಹೋಗುವ ಹುಲಿಯು ಸರ್ಕಸ್ಸಿನದು. ಹೀಗೆ ಒಂದಲ್ಲ ಒಂದು ಕಾರಣದಿಂದ ಹುಲಿಯ ನೆನಪು ಈ ನೆಲದಲ್ಲಿ ಆರದೆ ಉಳಿದಿದೆ. ನೆನಪಿರುವ ಕಡೆ ಗುಲ್ಲು ಹುಟ್ಟುವುದಕ್ಕೆ ಒಂದು ಕಿಡಿ ಸಾಕು.

ಅಂಥ ಕಿಡಿಯೊಂದನ್ನು ನಾವೂ ಕಂಡಿದ್ದೇವೆ. ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಓಣಿಯಲ್ಲಿ ಗದ್ದಲವೆದ್ದಿತು. ಪಾತ್ರೆ ತೊಳೆಯಲು ಬರುವ ಮಾಸಿಯು ಬಾಗಿಲಲ್ಲಿಯೇ ನಿಂತು "ಬಾಘ್ ಬೇರಿಯೇಛೇ!" ಎಂದಳು. ಹುಲಿ ಹೊರಬಿದ್ದಿದೆ ಎಂದು ಅರ್ಥ. ರಾತ್ರಿ ಯಾರದೋ ತಾರಸಿಯ ಮೇಲೆ ಅದು ಧುಮುಕಿತಂತೆ, ಕಣ್ಣುಗಳು ಕೆಂಡದಂತಿದ್ದವಂತೆ, ಬಾಲವೇ ಒಂದು ಗಜವಿತ್ತಂತೆ. ಚಹದ ಅಂಗಡಿಯನ್ನು ತಲಪುವಷ್ಟರಲ್ಲಿ ಅದು ಒಂದು ಕರುವನ್ನು ಹೊತ್ತುಕೊಂಡು ಹೋಗಿತ್ತು. ಮೀನಿನ ಪೇಟೆಯಲ್ಲಿ ಅದಕ್ಕೆ ಜೋಡಿಯೂ ಹುಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಫೋನಿನಿಂದ ಫೋನಿಗೆ ಒಂದು ಚಿತ್ರವೂ ಹಾರಿಬಂದಿತು. ನೋಡಿದರೆ ಹಿಂದಿನ ಗೋಡೆಯಲ್ಲಿ ಬರೆದಿದ್ದ ಅಕ್ಷರ ಬಂಗಾಳಿಯೇ ಅಲ್ಲ. ಹುಡುಗರನ್ನು ಸಂಜೆ ಆಟಕ್ಕೆ ಬಿಡಲಿಲ್ಲ. ತರುಣರು ದೊಣ್ಣೆಗಳನ್ನು ಕೂಡಹಾಕಿದರು.

ನಮ್ಮ ಮನೆಯಾಕೆ ಮಾತ್ರ ಬೇರೊಂದು ವಿಷಯವನ್ನು ಗಮನಿಸಿದ್ದಳು. "ರಾತ್ರಿ ಎರಡು ಗಂಟೆಗೆ ಯಾರೋ ಘಮಘಮ ಅಂತ ಸಣ್ಣಕ್ಕಿ ಅನ್ನ ಮಾಡ್ತಿದ್ದರು ಕಣ್ರೀ. ಅಷ್ಟು ಹೊತ್ತಿನಲ್ಲಿ ಯಾರ ಮನೆಗೆ ನೆಂಟರು ಬಂದರೋ!" ಎಂದಳು. ಪಕ್ಕದ ಮನೆಯ ವೃದ್ಧ ಕಾಕಾಬಾಬುಗಳು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೌಮಾ, ಅದು ಅನ್ನವಲ್ಲ. ಭಾಮ್!" ಎಂದರು. ಭಾಮ್ ಎಂದರೆ ಪುನುಗಿನ ಬೆಕ್ಕಿನ ಜಾತಿಯ ಪ್ರಾಣಿ. ಅದರ ಮೈಯಿಂದ ಸುವಾಸನೆಯ ಅಕ್ಕಿ ಬೆಂದಂಥ ವಾಸನೆ ಬರುವುದರಿಂದ ಬಂಗಾಳಿಗಳು ಅದನ್ನು ಗಂಧಗೋಕುಲ ಎಂತಲೂ ಕರೆಯುವರು. ಹಣ್ಣು, ಇಲಿ, ಹುಳು ತಿಂದುಕೊಂಡು ಹಳೆಯ ಮನೆಗಳ ಅಟ್ಟದಲ್ಲಿ ಬಾಳುವ ಜೀವ. ಬಾಲ ಉದ್ದ ಎಂಬುದಷ್ಟೇ ಮಾಸಿಯ ಮಾತಿನಲ್ಲಿ ನಿಜವಾಗಿತ್ತು. ತಾರಸಿಯ ಧೂಳಿನಲ್ಲಿ ಮೂಡಿದ್ದ ಹೆಜ್ಜೆಯ ಮೇಲೆ ಕಾಫಿಯ ಲೋಟವನ್ನು ಬೋರಲು ಹಾಕಿದರೆ ಹೆಜ್ಜೆ ಅದರೊಳಗೇ ಅಡಗಿಹೋಯಿತು. ದೊಡ್ಡ ಹುಲಿಯ ಹೆಜ್ಜೆಗಾದರೆ ಊಟದ ತಟ್ಟೆಯನ್ನು ಹುಡುಕಬೇಕಾಗುತ್ತಿತ್ತು.

ಇಲ್ಲಿ ಮಾತಿನ ಕೀಟಲೆಯೂ ಸೇರಿಕೊಂಡಿದೆ. ಬಂಗಾಳಿಯಲ್ಲಿ ಬಾಘ್ ಎಂಬುದು ಬಹು ವಿಶಾಲವಾದ ಶಬ್ದ. ಚಿರತೆ ಚಿತಾಬಾಘ್. ಮೀನು ಹಿಡಿದು ತಿನ್ನುವ ಒಂದು ಕಾಡುಬೆಕ್ಕೂ ಮೇಛೋಬಾಘ್, ಎಂದರೆ ಮೀನುಹುಲಿ. ನಾವೇನು ಕಡಿಮೆಯಿಲ್ಲ, ನಮ್ಮ ಕರಾವಳಿಯವರು ಚಿರತೆಯನ್ನು ಚಿಟ್ಟೆಹುಲಿ ಎನ್ನುತ್ತಾರೆ, ಹುಲಿಯನ್ನು ಪಟ್ಟೆಹುಲಿ ಎನ್ನುತ್ತಾರೆ. ಭಯದಲ್ಲಿ ಓಡುವವನು ಪೂರ್ತಿ ಹೆಸರು ಹೇಳುವಷ್ಟು ನಿಲ್ಲುವುದಿಲ್ಲ. "ಮೇಛೋ" ಎಂಬುದು ದಾರಿಯಲ್ಲಿಯೇ ಉದುರಿಹೋಗಿ "ಬಾಘ್" ಮಾತ್ರ ಊರನ್ನು ಸೇರುತ್ತದೆ.

ಈ ಮೀನುಹುಲಿಯ ವಿಷಯದಲ್ಲಿ ನಾಲ್ಕು ಮಾತು ಹೆಚ್ಚು ಹೇಳಲೇಬೇಕು. ಅದಕ್ಕೆ ಬಾಘ್ರೋಲ್ ಎಂಬ ಹೆಸರೂ ಉಂಟು. ಸಾಕುಬೆಕ್ಕಿನ ಎರಡರಷ್ಟು ಗಾತ್ರ. ಗಂಡು ಹದಿನೈದು ಕಿಲೋವರೆಗೆ ತೂಗೀತು. ಬೂದಿಗೆ ಹಸಿರು ಬೆರೆಸಿದಂಥ ಮೈಬಣ್ಣದ ಮೇಲೆ ಸಾಲುಸಾಲಾಗಿ ಕಪ್ಪು ಮಚ್ಚೆಗಳು, ಮೋಟು ಬಾಲ. ಬೆಕ್ಕಿಗೆ ನೀರೆಂದರೆ ಆಗದೆಂದು ನಾವೆಲ್ಲ ತಿಳಿದಿದ್ದೇವೆ. ಈ ಬೆಕ್ಕು ಕೆರೆಯ ಅಂಚಿನಲ್ಲಿ ಕುಳಿತು, ನೀರನ್ನು ಪಂಜದಿಂದ ಮೆಲ್ಲಗೆ ತಟ್ಟಿ, ಮೀನು ಮೇಲೆ ಬಂದಾಗ ತಲೆಯ ಸಮೇತ ಧುಮುಕುತ್ತದೆ. ಬೆರಳುಗಳ ನಡುವೆ ಅರ್ಧ ಜಾಲಪಾದವಿದೆ. ಉಗುರುಗಳು ಪೂರ್ತಿಯಾಗಿ ಒಳಗೆ ಸರಿಯುವುದಿಲ್ಲ. ಹೌರಾ ಜಿಲ್ಲೆಯ ಜೊಂಡಿನ ಬಯಲುಗಳಲ್ಲಿಯೂ, ನಮ್ಮ ದಕ್ಷಿಣ ಇಪ್ಪತ್ನಾಲ್ಕು ಪರಗಣದ ಜೌಗುನೆಲದಲ್ಲಿಯೂ ಇದರ ವಾಸ. ಪಶ್ಚಿಮ ಬಂಗಾಳ ಸರಕಾರವು 2012ರಲ್ಲಿ ಇದನ್ನು ರಾಜ್ಯಪ್ರಾಣಿ ಎಂದು ಸಾರಿತು. ಬಂಗಾಳದ ಹುಲಿ ರಾಷ್ಟ್ರಕ್ಕೆ ಹೋಯಿತು. ಬಂಗಾಳಕ್ಕೆ ಈ ಮೀನುಹುಲಿ ಉಳಿಯಿತು. ಮೀನನ್ನು ಇಷ್ಟು ಪ್ರೀತಿಸುವ ಪ್ರಾಂತಕ್ಕೆ ಇದಕ್ಕಿಂತ ಒಪ್ಪುವ ಪ್ರಾಣಿ ಮತ್ತಾವುದಿದ್ದೀತು?

ಮರ್ಯಾದೆ ಮಾತಿನಲ್ಲಿ ಮಾತ್ರ. ಕೆರೆ ತುಂಬಿಸಿ ಮನೆ ಕಟ್ಟಿದಂತೆಲ್ಲ, ಜೊಂಡು ಕೊಯ್ದು ಇಟ್ಟಿಗೆಯ ಗೂಡು ಹಾಕಿದಂತೆಲ್ಲ ಬಾಘ್ರೋಲಿಗೆ ಇರಲು ಎಡೆಯಿಲ್ಲದೆ ಹಿತ್ತಿಲುಗಳಿಗೆ ಬರುತ್ತದೆ. ಅಲ್ಲಿ ಒಂದು ಕೋಳಿಯನ್ನೋ ಸಾಕಿದ ಮೀನನ್ನೋ ಹಿಡಿದರೆ "ಬಾಘ್" ಎಂಬ ಕೂಗೇಳುತ್ತದೆ. ಆ ಮೇಲೆ ದೊಣ್ಣೆ, ಬಲೆ, ವಿಷ. ಮನುಷ್ಯನ ಮೈಮುಟ್ಟಲು ಹೋಗದೆ ತಪ್ಪಿಸಿಕೊಳ್ಳಲು ನೋಡುವ ಪ್ರಾಣಿ, ಹೆಸರಿನ ದೆಸೆಯಿಂದ ಪ್ರಾಣ ಬಿಡುತ್ತದೆ. ಹುಲಿಗೆ ಕಾನೂನು ಕೊಡುವ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದೆ. ಆದರೆ ಕಾನೂನು ಬಂದು ತಲಪುವುದಕ್ಕೆ ಮುಂಚೆ ದೊಣ್ಣೆ ತಲಪಿರುತ್ತದೆ.

ಹಾಗಾದರೆ ಹುಲಿಯ ಸುದ್ದಿಯೆಲ್ಲ ಸುಳ್ಳೆಂದು ನಕ್ಕುಬಿಡೋಣವೆ? ಅದೂ ಸಲ್ಲದು. 2018ರ ಆರಂಭದಲ್ಲಿ ಪಶ್ಚಿಮ ಮೇದಿನಿಪುರದ ಲಾಲ್‌ಗಢದ ಕಡೆಯ ಹಳ್ಳಿಗರು ಹುಲಿ ಬಂದಿದೆ ಎಂದರು. ಹುಲಿ ನೆಲೆಸಿರದ ಸಾಲವೃಕ್ಷಗಳ ಕಾಡು ಅದು. ಬಹುಮಂದಿ ನಂಬಲಿಲ್ಲ. ಮಾರ್ಚಿ 2ರಂದು ಅರಣ್ಯ ಇಲಾಖೆಯವರು ಕಟ್ಟಿದ್ದ ಕ್ಯಾಮರಾದಲ್ಲಿ ತುಂಬಿದ ಪ್ರಾಯದ ಪಟ್ಟೆಹುಲಿಯೊಂದು ನಡೆದುಹೋದುದು ಮೂಡಿತು. ಆರು ವಾರ ಅದನ್ನು ಹಿಡಿಯಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಅದು ಕಾಡುಜನರ ವಾರ್ಷಿಕ ಬೇಟೆಯ ಹಬ್ಬದ ಕಾಲ. ಏಪ್ರಿಲ್ 13ರಂದು ಭರ್ಜಿಯ ಗಾಯಗಳಿಂದ ಸತ್ತುಬಿದ್ದ ಹುಲಿ ಸಿಕ್ಕಿತು. ಸಿಕ್ಕಿದ ಕಾಡಿನ ಹೆಸರು ಬಾಘ್‌ಘೋರಾ: ಹುಲಿ ತಿರುಗುವ ತಾಣ! ಹುಲಿ ಅಲ್ಲಿ ಹೊರಗಿನದೆಂದು ನಾವೆಲ್ಲ ಹೇಳುತ್ತಿದ್ದೆವು. ಊರಿನ ಹೆಸರು ಮಾತ್ರ ಬೇರೆ ಸಾಕ್ಷಿಯನ್ನು ನುಡಿಯುತ್ತಿತ್ತು.

2024ರ ಡಿಸೆಂಬರಿನಲ್ಲಿ ಇನ್ನೊಂದು ಅತಿಥಿ ಬಂದಿತು. ಒರಿಸ್ಸದ ಸಿಮ್ಲಿಪಾಲದ ಹುಲಿಗಳು ಒಂದೇ ಬಳಗದಲ್ಲಿ ಬೆಳೆದು ರಕ್ತಸಂಬಂಧ ಬಿಗಿಯಾಗಿತ್ತು. ಹೊಸ ಸಂಬಂಧ ಬೇಕೆಂದು ಮಹಾರಾಷ್ಟ್ರದ ತಾಡೋಬಾ ಕಾಡಿನಿಂದ ಜೀನತ್ ಎಂಬ ಮೂರು ವರ್ಷದ ಹೆಣ್ಣುಹುಲಿಯನ್ನು ತಂದು ಬಿಟ್ಟರು. ಈ ಸೊಸೆಗೆ ಹೊಸ ಮನೆ ಹಿಡಿಸಲಿಲ್ಲ. ಝಾರ್ಖಂಡವನ್ನು ಹಾಯ್ದು ಬಂಗಾಳದ ಝಾಡ್‌ಗ್ರಾಮ, ಪುರುಲಿಯಾ, ಬಾಂಕುಡಾ ಜಿಲ್ಲೆಗಳಲ್ಲಿ ತಿರುಗಿದಳು. ಕೊರಳಲ್ಲಿ ರೇಡಿಯೋ ಪಟ್ಟಿಯಿದ್ದುದರಿಂದ ಎಲ್ಲಿದ್ದಾಳೆಂಬುದು ತಿಳಿಯುತ್ತಿತ್ತು. ಡಿಸೆಂಬರ್ 29ರಂದು ಮತ್ತುಬರಿಸುವ ಮದ್ದಿನಿಂದ ಹಿಡಿದು, ಆರೈಕೆಗೆ ಅಲೀಪುರಕ್ಕೆ ತಂದು, ಆ ಮೇಲೆ ಸಿಮ್ಲಿಪಾಲಕ್ಕೇ ಕಳುಹಿಸಿಕೊಟ್ಟರು. ಆ ದಿನಗಳಲ್ಲಿ ಟಾಲಿಗಂಜಿನಿಂದ ನಾಲ್ಕೈದು ಮೈಲಿಯೊಳಗೆ ನಿಜವಾದ ಕಾಡುಹುಲಿ ಮಲಗಿತ್ತೆಂಬುದು ಗುಲ್ಲಲ್ಲ, ಸತ್ಯ. ಒಂದು ಹುಲಿ ಭರ್ಜಿಗೆ ಸತ್ತಿತು, ಇನ್ನೊಂದು ಮನೆ ಸೇರಿತು. ಜೀನತ್ ಎಲ್ಲಿದ್ದಾಳೆಂಬುದು ಹಗಲಿರುಳೂ ತಿಳಿದಿತ್ತು; ಜನರನ್ನು ದೂರವಿಡುವುದಕ್ಕೂ, ಹಿಡಿಯುವವರನ್ನು ಹತ್ತಿರ ಕಳುಹಿಸುವುದಕ್ಕೂ ಸಾಧ್ಯವಾಯಿತು. ಲಾಲ್‌ಗಢದ ಹುಲಿಗೆ ಆ ಪುಣ್ಯವಿರಲಿಲ್ಲ.

ನಮ್ಮ ನಾಡಿನ ಪತ್ರಿಕೆಗಳನ್ನು ಓದುವವರಿಗೆ ಇದೇನೂ ಹೊಸತಲ್ಲ. 2016ರ ಫೆಬ್ರವರಿ 7ರಂದು ಬೆಂಗಳೂರಿನ ಕುಂದಲಹಳ್ಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿತು. ಭಾನುವಾರವಾದ್ದರಿಂದ ಮಕ್ಕಳು ಇರಲಿಲ್ಲ. ಹಿಡಿಯಲು ಹೋದವರು ಗಾಯಗೊಂಡರು, ವನ್ಯಜೀವಿತಜ್ಞ ಸಂಜಯ್ ಗುಬ್ಬಿಯವರೂ ಅವರಲ್ಲೊಬ್ಬರು. ಅದು ಸೆರೆಸಿಕ್ಕಿದ ಮೇಲೆಯೂ ಅಲ್ಲಿ ಕಂಡಿತು, ಇಲ್ಲಿ ಕಂಡಿತು ಎಂಬ ಸುದ್ದಿ ಹಬ್ಬಿ ಆ ಭಾಗದ ಶಾಲೆಗಳಿಗೆ ರಜೆ ಕೊಡಬೇಕಾಯಿತು. 2022ರ ಆಗಸ್ಟಿನಲ್ಲಿ ಬೆಳಗಾವಿಯ ಜಾಧವನಗರದಲ್ಲಿ ಚಿರತೆಯೊಂದು ಕೂಲಿಯವನ ಮೇಲೆ ಎರಗಿ, ಅಲ್ಲಿಯ ಗಾಲ್ಫ್ ಮೈದಾನವನ್ನು ಹೊಕ್ಕಿತು. ಸಕ್ರೆಬೈಲಿನ ಆನೆಗಳು ಬಂದವು. ಬೋನು, ಬಲೆ, ಕ್ಯಾಮರಾ ಎಲ್ಲವೂ ಬಂದವು. ಒಂದು ತಿಂಗಳು ಹುಡುಕಿದರೂ ಸಿಕ್ಕದೆ ಚಿರತೆ ತನ್ನ ದಾರಿ ಹಿಡಿದು ಹೋಯಿತು. ನಮ್ಮ ಟಾಲಿಗಂಜ್ ಕ್ಲಬ್ಬಿನ ಗಾಲ್ಫ್ ಮೈದಾನದಲ್ಲಿ ನರಿಗಳು ಸಂಸಾರ ಹೂಡಿರುವುದನ್ನು ನೋಡಿದಾಗ ನಮಗೆ ಬೆಳಗಾವಿಯ ನೆನಪಾಗುತ್ತದೆ. ಊರು ಬೆಳೆದು ಸುತ್ತಲ ಹಸುರನ್ನೆಲ್ಲ ನುಂಗಿದ ಮೇಲೆ ಮಿಕ್ಕ ಒಂದು ತುಂಡು ಹಸುರಿಗೆ ಮೃಗಗಳು ಬಂದು ಸೇರುವುದು ಸಹಜ. ಬಂದವರು ಅವೋ, ನಾವೋ ಎಂಬುದು ಬೇರೆ ಪ್ರಶ್ನೆ.

2022ರ ಎಣಿಕೆಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಬಂಗಾಳದ ಸುಂದರಬನದಲ್ಲಿ ನೂರರಷ್ಟು. ಅವು ಇರಬೇಕಾದ ಕಡೆ ಇರುವುದು ನಮಗೂ ಅವಕ್ಕೂ ಕ್ಷೇಮ. ಎಲ್ಲೆ ದಾಟಿ ಬಂದದ್ದು ಅಪರಾಧಿಯಲ್ಲ, ದಾರಿ ತಪ್ಪಿದ್ದು ಅಥವಾ ಎಡೆ ಸಿಕ್ಕದೆ ಅಲೆಯುವಂಥಾದ್ದು. ಆದುದರಿಂದ ನಮ್ಮ ಸಂಘದ ಬಂಧುಗಳಲ್ಲಿ, ಮುಖ್ಯವಾಗಿ ಗಡಿಯಾ, ಸೋನಾರ್‌ಪುರದ ಕಡೆ ಕೆರೆಗಳ ಮಗ್ಗುಲಲ್ಲಿ ಹೊಸ ಮನೆ ಮಾಡಿರುವವರಲ್ಲಿ, ಒಂದು ವಿಜ್ಞಾಪನೆ. "ಬಾಘ್" ಎಂದು ಕೂಗು ಕೇಳಿದರೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಒಳಗೆ ಕರೆದುಕೊಳ್ಳಿ, ಅದು ತಪ್ಪಲ್ಲ. ಬಳಿಕ "ಯಾವ ಬಾಘ್?" ಎಂದು ಕೇಳಿ. ಬಾಲ ಉದ್ದವೋ ಮೋಟೋ, ಮೈಮೇಲೆ ಪಟ್ಟೆಯೋ ಮಚ್ಚೆಯೋ, ಕಂಡವರು ತಾವೇ ಕಂಡರೋ ಕಂಡವರನ್ನು ಕಂಡರೋ, ವಿಚಾರಿಸಿ. ಹೆಜ್ಜೆಯನ್ನು ತುಳಿದು ಅಳಿಸಬೇಡಿ. ಅದರ ಪಕ್ಕದಲ್ಲಿ ಒಂದು ಲೋಟವನ್ನಿಟ್ಟು ಚಿತ್ರ ತೆಗೆದು ಅರಣ್ಯ ಇಲಾಖೆಯವರಿಗೆ ಕಳುಹಿಸಿ. ಕಂಡರಿಯದ ಚಿತ್ರವನ್ನು ಮುಂದಕ್ಕೆ ಸಾಗಿಸಬೇಡಿ. ದೊಣ್ಣೆ ಹಿಡಿದವರ ಗುಂಪಿನಲ್ಲಿ ನಮ್ಮ ಮನೆಯ ಹುಡುಗರು ಇಲ್ಲದಂತೆ ನೋಡಿಕೊಳ್ಳಿ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಟಾಲಿಗಂಜಿಗೆ ಬನ್ನಿ. ಮೈಸೂರಿನ ಹುಲಿಯ ಮಕ್ಕಳು ಬಾಳಿದ ನೆಲವನ್ನೂ, ಅವರ ಮಸೀದಿಯನ್ನೂ, ಅವರು ಕಂಡ ಆದಿಗಂಗೆಯನ್ನೂ ತೋರಿಸಬಹುದು. ಸಂಜೆಯವರೆಗೆ ನಿಂತರೆ ಕ್ಲಬ್ಬಿನ ಗೋಡೆಯಾಚೆ ನರಿಗಳ ಕೂಗು ಕೇಳಿಸೀತು. ಹುಲಿಯನ್ನು ನೋಡಬೇಕೆನ್ನುವವರಿಗೆ ಅಲೀಪುರ ಹತ್ತಿರವೇ ಇದೆ. ಟಿಕೆಟ್ಟು ಕೊಂಡು, ಕಂಬಿಯ ಈಚೆ ನಿಂತು ನೋಡಿದರಾಯಿತು.